ಸಣ್ಣವರು, ಸಣ್ಣತನ: ಒಂದು ಪದದ ಅಧ್ಯಯನ

ಯೌವನಸ್ಥರ ಕೂಟದ ವಾಕ್ಯ ಅಧ್ಯಯನ – ಬರಹ ರೂಪ
ಓದಬೇಕಾದ ಭಾಗಗಳು: 1 ಸಮುವೇಲ 9:21, 15:10-30, 1 ಅರಸುಗಳು 19:9-13, ಮತ್ತಾಯ 25:31-46, ಎಫೆಸ 3:7-8

 

ಪ್ರಿಯ ಯೌವನಸ್ಥರೇ, ಇವತ್ತು ದೊಡ್ಡ ವಿಷಯ ಏನೂ ಇಲ್ಲ. ಒಂದೇ ಒಂದು ಪದ. ಪಕ್ಕದಲ್ಲಿ ಕೂತವರಿಗೆ ಹೇಳ್ರಿ: "ಸಣ್ಣ."

ದಿನಾ ಆಡೋ ಮಾತು ಇದು. ಸಣ್ಣ ಊರು, ಸಣ್ಣ ಸಂಬಳ, ಸಣ್ಣ ರೂಮು, ಸಣ್ಣ ಸಭೆ. ಬೆಂಗಳೂರಿನ ಆಫೀಸಲ್ಲಿ "ಯಾವೂರು ನಿಮ್ದು?" ಅಂತ ಕೇಳಿದ್ರೆ, ಮುಕ್ಕುಂದದಿಂದ ಬಂದ ಹುಡುಗ "ರಾಯಚೂರು ಕಡೆ" ಅಂತ ಹೇಳಿ ಮುಗಿಸಿಬಿಡ್ತಾನೆ. ಸಿಂಧನೂರು ತಾಲ್ಲೂಕು, ತುಂಗಭದ್ರೆ ದಂಡೆಯ ಊರು ಅಂತ ಬಿಡಿಸಿ ಹೇಳೋದಿಲ್ಲ. "ಬಂದೀನಿ", "ಹೋಗ್ಯಾನ" ಅನ್ನೋ ಮಾತನ್ನ ನಾಲಿಗೆ ಮೇಲೇ ತಡೆದು "ಬಂದಿದ್ದೀನಿ", "ಹೋಗಿದ್ದಾನೆ" ಅಂತಾನೆ. ಯಾರೂ ಬೈದಿರೋದಿಲ್ಲ. ಆದ್ರೂ ಒಳಗೆ ಒಂದು ದನಿ ಹೇಳ್ತಾ ಇರುತ್ತೆ: ನೀನು ಸಣ್ಣವನು, ಅದು ಯಾರಿಗೂ ಗೊತ್ತಾಗಬಾರದು.

ಈ ದನಿ ಯಾರದು? ದೇವರದಾ, ಲೋಕದ್ದಾ? ಅದನ್ನ ತಿಳ್ಕೋಬೇಕಾದ್ರೆ ಮೊದಲು ಈ ಪದ ಎಲ್ಲಿಂದ ಬಂತು ಅಂತ ನೋಡೋಣ.

1. ಪದದ ಮೂಲ: ಸಣ್ಣ ಅಂದ್ರೆ ನುಣುಪು

"ಸಣ್ಣ" ಒಂದು ತದ್ಭವ ಪದ. ಸಂಸ್ಕೃತದಲ್ಲಿ "ಶ್ಲಕ್ಷ್ಣ", ಪ್ರಾಕೃತದಲ್ಲಿ "ಸಣ್ಹ", ಕನ್ನಡಕ್ಕೆ ಬಂದಾಗ "ಸಣ್ಣ". ತೆಲುಗಿನಲ್ಲೂ ಇದೆ, "ಸನ್ನ". ಈಗ ಮೂಲದ ಅರ್ಥ ಕೇಳ್ರಿ. "ಶ್ಲಕ್ಷ್ಣ" ಅಂದ್ರೆ ನುಣುಪಾದದ್ದು, ನಯವಾದದ್ದು, ಸೂಕ್ಷ್ಮವಾದದ್ದು. ಕೀಳು ಅನ್ನೋ ಅರ್ಥ ಅಲ್ಲಿ ಇಲ್ಲವೇ ಇಲ್ಲ.

ಆ ಹಳೇ ಅರ್ಥ ನಮ್ಮ ಮನೆಗಳಲ್ಲಿ ಇನ್ನೂ ಜೀವಂತವಾಗಿದೆ. ಅಮ್ಮ "ಖಾರ ಸಣ್ಣಗೆ ಅರಿ" ಅಂತಾಳೆ, ನುಣ್ಣಗೆ ಅರಿ ಅಂತ. "ಸಣ್ಣ ಉರಿ ಇಡು", "ಸಣ್ಣಗೆ ಮಳಿ ಹತ್ತೈತಿ" ಅಂತಾರೆ. ಊರಿಗೆ ಹೋದ ಕೂಡಲೇ ಅಜ್ಜಿ ಕೆನ್ನೆ ಮುಟ್ಟಿ "ಎಷ್ಟು ಸಣ್ಣಾಗಿ ಯಪ್ಪಾ" ಅಂದ್ರೆ ಅದು ಅವಮಾನ ಅಲ್ಲ, ತೆಳ್ಳಗಾಗಿದ್ದೀಯ ಅನ್ನೋ ಸಂಕಟ.

ಇನ್ನೂ ಒಳ್ಳೇ ಉದಾಹರಣೆ ಅಕ್ಕಿ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ಸೀಮೆಯಾಯ್ತು. ಅಲ್ಲಿ ಯಾವ ಅಂಗಡಿಗೆ ಬೇಕಾದ್ರೂ ಹೋಗಿ ಕೇಳ್ರಿ, ಸಣ್ಣ ಅಕ್ಕಿಗೆ ರೇಟು ಜಾಸ್ತಿಯೋ ದಪ್ಪ ಅಕ್ಕಿಗೋ? ಸಣ್ಣ ಅಕ್ಕಿಗೇ! ಕ್ಯಾಂಪುಗಳಲ್ಲಿ ತೆಲುಗು ಮಾತಾಡೋರು "ಸನ್ನ ಬಿಯ್ಯಂ" ಅಂತ ಅದನ್ನೇ ಮದುವೆ ಊಟಕ್ಕೆ ಕೇಳ್ತಾರೆ. ಅಕ್ಕಿ ಸಣ್ಣದಿದ್ರೆ ಬೆಲೆ ಹೆಚ್ಚು. ಮನುಷ್ಯ ಸಣ್ಣವನಾದ್ರೆ ಮಾತ್ರ ಬೆಲೆ ಕಡಿಮೆ. ಈ ತಕ್ಕಡಿ ಯಾರು ಮಾಡಿದ್ದು, ಪ್ರಿಯರೇ?

2. ಮಸ್ಕಿಯ ಬಂಡೆ ಮೇಲಿನ ಪದ

ಒಂದು ಪದ ಹೇಗೆ ಕೆಳಗೆ ಜಾರುತ್ತೆ ಅನ್ನೋದಕ್ಕೆ ಸಾಕ್ಷಿ ನಮ್ಮ ಕಡೆನೇ ಇದೆ. ಸಿಂಧನೂರಿನ ಪಕ್ಕದ ಮಸ್ಕಿಯಲ್ಲಿ ಅಶೋಕನ ಶಾಸನ ಇದೆ ಅಂತ ಶಾಲೆಯಲ್ಲಿ ಓದಿದ್ದೀರಿ. ಕ್ರಿ.ಪೂ. 3ನೇ ಶತಮಾನದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬವರ ಕಣ್ಣಿಗೆ ಬಿತ್ತು. ಬೇರೆ ಶಾಸನಗಳಲ್ಲಿ "ದೇವಾನಾಂಪಿಯ" ಅಂತ ಇದ್ದ ರಾಜ ಅಶೋಕನೇ ಅಂತ ಖಚಿತವಾದದ್ದು ಈ ಬಂಡೆಯಿಂದ, ಯಾಕಂದ್ರೆ ಇಲ್ಲಿ ಅಶೋಕ ಅನ್ನೋ ಹೆಸರೇ ಕೆತ್ತಿದೆ. ಪರೀಕ್ಷೆಗೆ ನಾವು ಓದಿಕೊಂಡದ್ದು ಇಷ್ಟೇ.

ಆದ್ರೆ ಅದೇ ಬಂಡೆ ಮೇಲೆ ಇನ್ನೊಂದು ಪದ ಇದೆ: "ಖುದಕ". ಅಂದ್ರೆ ಸಣ್ಣವನು. ಶಾಸನದ ತಾತ್ಪರ್ಯ ಇದು: ಈ ಗುರಿಯನ್ನ ದೊಡ್ಡವರು ಮಾತ್ರ ಮುಟ್ಟಬಹುದು ಅಂತ ತಿಳೀಬೇಡಿ, ಧರ್ಮದಲ್ಲಿ ನಿಂತರೆ ಖುದಕನೂ ಮುಟ್ಟಬಹುದು, ಸಣ್ಣವರಿಗೂ ದೊಡ್ಡವರಿಗೂ ಇದನ್ನ ತಿಳಿಸಬೇಕು. ಅಶೋಕನ ಶಾಸನ ನಮಗೆ ದೇವರ ವಾಕ್ಯ ಅಲ್ಲ, ನಮ್ಮ ರಕ್ಷಣೆ ಶಿಲುಬೆಯಲ್ಲಿದೆ. ಆದ್ರೂ ಒಬ್ಬ ಚಕ್ರವರ್ತಿ ಸಣ್ಣವರನ್ನ ಲೆಕ್ಕಕ್ಕೆ ತಗೊಂಡು ಬಂಡೆ ಮೇಲೆ ಬರೆಸಿದ ಅನ್ನೋದು ಯೋಚಿಸಬೇಕಾದ ಮಾತು.

ಈ "ಖುದಕ"ದ ಸಂಸ್ಕೃತ ಮೂಲ ಯಾವುದು ಗೊತ್ತಾ? "ಕ್ಷುದ್ರ". ಮೊದಲು ಅದರ ಅರ್ಥ ಬರೀ ಸಣ್ಣದು, ಪುಟ್ಟದು. ಇವತ್ತು ಕನ್ನಡದಲ್ಲಿ "ಕ್ಷುದ್ರ" ಅಂದ್ರೆ ಏನು? ನೀಚ, ಕೆಟ್ಟದ್ದು. ಕ್ಷುದ್ರ ಬುದ್ಧಿ, ಕ್ಷುದ್ರ ಶಕ್ತಿ. ಯಾರೂ ಒಂದು ದಿನ ಕೂತು ಈ ಅರ್ಥ ಬದಲಾಯಿಸಲಿಲ್ಲ. ಸಣ್ಣವರನ್ನ ತಲೆಮಾರು ತಲೆಮಾರಾಗಿ ಕೀಳಾಗಿ ನೋಡಿದ ಬಾಯಿಗಳಲ್ಲಿ ಪದವೂ ಕೀಳಾಯ್ತು.

"ಸಣ್ಣ" ಅನ್ನೋ ಪದಕ್ಕೂ ಹಾಗೇ ಮಾಡಿದ್ದೇವೆ. "ಸಣ್ಣ ಮಂದಿ", "ಸಣ್ಣ ಜಾತಿ." ಇಲ್ಲಿ ಕೂತಿರುವ ಎಷ್ಟೋ ಮಂದಿಯ ಅಜ್ಜ ಅಜ್ಜಿಯರು ಈ ಮಾತು ಕೇಳಿಸಿಕೊಂಡೇ ಬದುಕಿದವರು. ಹೋಟೆಲಲ್ಲಿ ಬೇರೆ ಲೋಟ, ನೀರಿಗೆ ಬೇರೆ ದಾರಿ, ಮಾತಾಡಿಸುವಾಗ ಏಕವಚನ. ಅವರು ಕೈ ಕಟ್ಟಿ ನಿಂತದ್ದು ದೀನಮನಸ್ಸಿನಿಂದ ಅಲ್ಲ, ಬೇರೆ ಗತಿ ಇಲ್ಲದೆ. ಇದನ್ನ ಸ್ಪಷ್ಟವಾಗಿ ಹೇಳ್ತೀನಿ: ಅನ್ಯಾಯವಾಗಿ ಸಣ್ಣವರನ್ನಾಗಿ ಮಾಡೋದು ಪಾಪ. ಅದಕ್ಕೆ "ದೀನತೆ" ಅಂತ ಹೆಸರಿಟ್ಟು ವೇದಿಕೆಯಿಂದ ಸಾರಬಾರದು. ಆಮೆನ್ ಹೇಳ್ರಿ.

3. ದೇವರ ವಾಕ್ಯದಲ್ಲಿ ಸಣ್ಣದು

ಈಗ ಬೈಬಲಿಗೆ ಬರೋಣ. ಹೀಬ್ರೂ ಭಾಷೆಯಲ್ಲಿ "ದಕ್" ಅಂತ ಒಂದು ಪದ ಇದೆ. ಅರ್ಥ ತೆಳ್ಳಗಿನದು, ನುಣ್ಣಗಿನದು. ನಮ್ಮ "ಸಣ್ಣ"ಕ್ಕೆ ಅಣ್ಣನೋ ತಮ್ಮನೋ ಅನ್ನುವಷ್ಟು ಹೋಲಿಕೆ.

ಫರೋಹನ ಕನಸಲ್ಲಿ ಬಂದ ಬಡಕಲು ಹಸುಗಳಿಗೆ ಇದೇ ಪದ (ಆದಿಕಾಂಡ 41:3). ಅಜ್ಜಿ ಹೇಳೋ "ಸಣ್ಣಾಗಿ" ಇದೇ. ಅರಣ್ಯದಲ್ಲಿ ನೆಲದ ಮೇಲೆ ಬಿದ್ದ ಮನ್ನಕ್ಕೂ ಇದೇ ಪದ (ವಿಮೋಚನಕಾಂಡ 16:14). 40 ವರ್ಷ ಒಂದು ಜನಾಂಗವನ್ನ ಸಾಕಿದ ಆಹಾರ ನೋಡೋಕೆ ಸಣ್ಣ ಸಣ್ಣ ಕಾಳು. ದೋಷಪರಿಹಾರಕ ದಿನ ಮಹಾಯಾಜಕನು ತೆರೆಯ ಒಳಗೆ ಒಯ್ಯುವ ಧೂಪದ್ರವ್ಯ ಹೇಗಿರಬೇಕು? ಸಣ್ಣಗೆ ಕುಟ್ಟಿದ್ದಾಗಿರಬೇಕು. ಅಲ್ಲೂ ಇದೇ ಪದ (ಯಾಜಕಕಾಂಡ 16:12). ಅತಿ ಪರಿಶುದ್ಧ ಸ್ಥಳಕ್ಕೆ ದಪ್ಪ ಗಟ್ಟಿ ಹೋಗಲಿಲ್ಲ, ಸಣ್ಣಗಾದದ್ದು ಹೋಯ್ತು. ಹಲ್ಲೆಲೂಯಾ!

ಇನ್ನು ಎಲೀಯ. ಹೋರೇಬ್ ಬೆಟ್ಟದ ಗವಿ. ಬಂಡೆ ಸೀಳುವ ಗಾಳಿ ಬಂತು, ಕರ್ತನು ಅದರಲ್ಲಿರಲಿಲ್ಲ. ಭೂಕಂಪ ಬಂತು, ಅದರಲ್ಲಿರಲಿಲ್ಲ. ಬೆಂಕಿ ಬಂತು, ಅದರಲ್ಲೂ ಇರಲಿಲ್ಲ. ಆಮೇಲೆ ಬಂದ ದನಿಗೆ ಹೀಬ್ರೂವಿನಲ್ಲಿ ಇರುವ ಪದ ಇದೇ "ದಕ್ಕಾ". ಸಣ್ಣ ದನಿ. ಕರ್ಮೆಲಿನಲ್ಲಿ ಬೆಂಕಿ ಇಳಿಸಿದ ದೇವರಿಗೆ ಗುಡುಗಲು ಬರೋದಿಲ್ಲವಾ? ಬರುತ್ತೆ. ಆದ್ರೆ ಸೋತು, ಸಾಯ್ತೀನಿ ಅಂತ ಕೂತವನ ಜೊತೆ ಮಾತಾಡುವಾಗ ತನ್ನ ದನಿಯನ್ನ ಸಣ್ಣ ಮಾಡಿಕೊಂಡನು. ಆ ದನಿ ಕೇಳಿದ ಮೇಲೆಯೇ ಎಲೀಯ ಕಂಬಳಿಯಿಂದ ಮುಖ ಮುಚ್ಚಿಕೊಂಡು ಗವಿಯ ಬಾಗಿಲಿಗೆ ಬಂದದ್ದು.

ನನ್ನ ಕೈಯಲ್ಲಿರುವ ಈ ಮೈಕ್ ನೋಡ್ರಿ. ಗ್ರೀಕಿನಲ್ಲಿ "ಮಿಕ್ರೊಸ್" ಅಂದ್ರೆ ಸಣ್ಣ, "ಫೋನೆ" ಅಂದ್ರೆ ದನಿ. ಎರಡೂ ಸೇರಿ ಮೈಕ್ರೋಫೋನ್. ಸಣ್ಣ ದನಿಯನ್ನ ಕೇಳಿಸಲಿಕ್ಕೆ ಮಾಡಿದ ಸಾಧನ ಇದು. ನಾವು ಪೆಂತೆಕೋಸ್ತಿನವರು ಇದನ್ನ ಬೇರೆ ರೀತಿಯಲ್ಲಿ ಬಳಸ್ತೀವಿ, ಪಕ್ಕದ ಬೀದಿಯವರಿಗೂ ಗೊತ್ತು! (ನಗು) ಗಟ್ಟಿಯಾಗಿ ಸ್ತುತಿಸೋಣ, ತಪ್ಪಿಲ್ಲ. ಆದ್ರೆ ಸಣ್ಣ ದನಿ ಕೇಳುವಷ್ಟು ಮೌನವೂ ನಮ್ಮಲ್ಲಿ ಇರಬೇಕು.

ಈ "ಮಿಕ್ರೊಸ್" ಯೇಸು ಸ್ವಾಮಿಯ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಸಾಸಿವೆ ಕಾಳಿಗೆ ಅದೇ ಪದದ ರೂಪ (ಮತ್ತಾಯ 13:32). ಹೆದರಿದ್ದ ಶಿಷ್ಯರನ್ನ ಪುಟ್ಟ ಹಿಂಡು ಅಂತ ಕರೆದಾಗಲೂ ಅದೇ (ಲೂಕ 12:32). ಸಣ್ಣ ಹಿಂಡು ಅಂದ್ರೆ ಮುಂದೆ ದೊಡ್ಡದಾಗುತ್ತೆ, ಆಗ ಬೆಲೆ ಬರುತ್ತೆ ಅಂತ ಅಲ್ಲ. ಸಣ್ಣದಾಗಿರುವಾಗಲೇ ಅದಕ್ಕೆ ತಂದೆಯ ರಾಜ್ಯ.

4. ಸೌಲ: ಸಣ್ಣವನಾಗಿದ್ದ, ಸಣ್ಣತನಕ್ಕೆ ಇಳಿದ

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕನ್ನಡದಲ್ಲಿ "ಸಣ್ಣವನು" ಬೇರೆ, "ಸಣ್ಣತನ" ಬೇರೆ. ಸಣ್ಣವನಾಗಿರೋದು ಒಂದು ಸ್ಥಿತಿ. ಸಣ್ಣತನ ಅಂದ್ರೆ ಹೊಟ್ಟೆಕಿಚ್ಚು, ಜಿಪುಣ ಮನಸ್ಸು, ಇನ್ನೊಬ್ಬರ ಒಳ್ಳೇದನ್ನ ಸಹಿಸದಿರೋದು. ಸಣ್ಣವರಿಗೆ ಸಣ್ಣತನ ಇರಲೇಬೇಕು ಅಂತ ಏನಿಲ್ಲ. ಅತಿ ದೊಡ್ಡವರಲ್ಲೂ ಇರಬಹುದು.

ಸೌಲನನ್ನ ನೋಡ್ರಿ. ಜನರೆಲ್ಲ ಅವನ ಹೆಗಲಿಗೆ ಬರ್ತಿದ್ರು, ಅಷ್ಟು ಎತ್ತರ (1 ಸಮುವೇಲ 9:2). ಆದ್ರೆ ಸಮುವೇಲನು ಕರೆದಾಗ ಅವನು ಹೇಳಿದ್ದೇನು? ನನ್ನದು ಇಸ್ರಾಯೇಲಿನ ಸಣ್ಣ ಕುಲ, ಅದರಲ್ಲೂ ನನ್ನ ಮನೆತನ ಎಲ್ಲಕ್ಕಿಂತ ಸಣ್ಣದು (9:21). ಹೀಬ್ರೂ ಪದ "ಕಾಟಾನ್", ಸಣ್ಣದು, ಕಿರಿದು. ಕಳೆದುಹೋದ ಕತ್ತೆ ಹುಡುಕಿಕೊಂಡು ಬಂದ ಹುಡುಗನನ್ನ ದೇವರು ಅಭಿಷೇಕಿಸಿದರು.

ಅಧ್ಯಾಯ 15ಕ್ಕೆ ಬರ್ರಿ. ಅಮಾಲೇಕ್ಯರ ಯುದ್ಧ ಮುಗಿದಿದೆ. ಸಮುವೇಲನು ಸೌಲನನ್ನ ಹುಡುಕ್ತಿದ್ದಾನೆ. ಜನ ಹೇಳ್ತಾರೆ: ಅವನು ಕರ್ಮೆಲಿಗೆ ಹೋಗಿ ತನಗೋಸ್ಕರ ಒಂದು ಸ್ಮಾರಕ ನಿಲ್ಲಿಸಿದ (15:12). ತನ್ನ ಹೆಸರಿಗೆ ತಾನೇ ಕಲ್ಲು! ಅದಕ್ಕೇ ಸಮುವೇಲನು ಅವನಿಗೆ ನೆನಪಿಸ್ತಾನೆ: ನಿನ್ನ ಕಣ್ಣಿಗೇ ನೀನು ಸಣ್ಣವನಾಗಿ ಕಂಡ ಕಾಲ ಒಂದಿತ್ತಲ್ಲ, ಆಗಲೇ ಕರ್ತನು ನಿನ್ನನ್ನ ಅರಸನನ್ನಾಗಿ ಮಾಡಿದ್ದು (15:17). ಅಲ್ಲಿ ಇರುವುದು ಅದೇ ಪದ, "ಕಾಟಾನ್".

ಅದಾದ ಮೇಲೆ ಸೌಲ ದೊಡ್ಡವನಾದನಾ? ಇಲ್ಲ. ಸಣ್ಣವನಾಗಿರೋದನ್ನ ಬಿಟ್ಟ, ಸಣ್ಣತನಕ್ಕೆ ಇಳಿದ. ತಪ್ಪು ಒಪ್ಪಿಕೊಂಡಾಗಲೂ ಅವನ ಚಿಂತೆ, ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಅನ್ನೋದೇ (15:30). ಹೆಂಗಸರು ಹಾಡಿದ ಹಾಡಲ್ಲಿ ತನಗೆ ಎಷ್ಟು ಸಾವಿರ, ದಾವೀದನಿಗೆ ಎಷ್ಟು ಸಾವಿರ ಅಂತ ಲೆಕ್ಕ ಹಾಕಿದ (18:7-9). ಆ ದಿನದಿಂದ ದಾವೀದನ ಮೇಲೆ ಅವನ ಕಣ್ಣು. ಸಣ್ಣತನದ ಮೊದಲನೇ ಗುರುತು ಇದು: ಎಣಿಸೋದು. ಅವನಿಗೆ ಎಷ್ಟು ಲೈಕು, ನನಗೆ ಎಷ್ಟು? ಅವಳ ಪ್ಯಾಕೇಜ್ ಎಷ್ಟು, ನಂದೆಷ್ಟು? ವರ್ಷಿಪ್ ಟೀಮಿನಲ್ಲಿ ಅವನಿಗೆ ಎರಡು ಹಾಡು, ನನಗೆ ಒಂದೇ ಯಾಕೆ? ಸೌಲನ ಈಟಿ ನಮ್ಮ ಕೈಯಲ್ಲಿ ಇಲ್ಲದೆ ಇರಬಹುದು, ಫೋನ್ ಇದೆ.

ಆ ಹೊತ್ತಿಗೆ ಇಷಯನ ಮನೆಯಲ್ಲಿ ಏಳು ಮಂದಿ ಅಣ್ಣಂದಿರು ಸಾಲಾಗಿ ನಿಂತು ಹೋಗಿ ಆಗಿತ್ತು. ಇನ್ನೊಬ್ಬ ಇದ್ದಾನೆ, ಕುರಿ ಕಾಯ್ತಿದ್ದಾನೆ ಅಂದರು. ಅವನಿಗೆ ಅಪ್ಪ ಬಳಸಿದ ಪದ? "ಹಕ್ಕಾಟಾನ್", ಅಂದ್ರೆ ಆ ಸಣ್ಣವನು, ಕಿರಿಯವನು (16:11). ಸೌಲ ಎಲ್ಲಿ ಕೈ ಬಿಟ್ಟನೋ ಅಲ್ಲಿಂದಲೇ ದೇವರು ಅದೇ ಪದವನ್ನ ಎತ್ತಿಕೊಂಡರು.

5. ಪೌಲ: ಹೆಸರೇ ಸಣ್ಣ

ಹೊಸ ಒಡಂಬಡಿಕೆಯಲ್ಲಿ ಇನ್ನೊಬ್ಬ ಸೌಲ ಇದ್ದಾನೆ. ಅವನೂ ಬೆನ್ಯಾಮೀನ ಕುಲದವನೇ (ಫಿಲಿಪ್ಪಿ 3:5). ಅಪೊಸ್ತಲರ ಕೃತ್ಯಗಳು 13:9ರಿಂದ ಅವನ ಇನ್ನೊಂದು ಹೆಸರು ನಮಗೆ ಗೊತ್ತಾಗುತ್ತೆ: ಪೌಲ. ಇದು ಲ್ಯಾಟಿನ್ ಹೆಸರು, ಅರ್ಥ ಸಣ್ಣವನು. ನಮ್ಮ ಕಡೆ ಭಾಷೆಯಲ್ಲಿ ಹೇಳಬೇಕಂದ್ರೆ "ಸಣ್ಣೆಪ್ಪ"! ಅದೇ ಅಧ್ಯಾಯದ 21ನೇ ವಚನದಲ್ಲಿ ಈ ಪೌಲನೇ ನಿಂತು ಅರಸನಾದ ಸೌಲನ ಚರಿತ್ರೆ ಹೇಳ್ತಾನೆ. ಒಬ್ಬ ಬೆನ್ಯಾಮೀನನು ಎತ್ತರದಿಂದ ಬಿದ್ದ. ಇನ್ನೊಬ್ಬ ಬೆನ್ಯಾಮೀನನು ಸಣ್ಣ ಅನ್ನೋ ಹೆಸರಲ್ಲೇ ಲೋಕವೆಲ್ಲ ಸುತ್ತಿದ.

ಕೊರಿಂಥದವರಿಗೆ ಬರೆಯುವಾಗ ಅವನು ತನ್ನನ್ನ ಅಪೊಸ್ತಲರಲ್ಲಿ ಅತಿ ಸಣ್ಣವನು ಅಂದ (1 ಕೊರಿಂಥ 15:9). ಅಲ್ಲಿ ಗ್ರೀಕ್ ಪದ "ಎಲಾಖಿಸ್ತೊಸ್". ಅದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲು ವ್ಯಾಕರಣದಲ್ಲಿ ಇಲ್ಲ. ಆಮೇಲೆ ಸೆರೆಯಲ್ಲಿದ್ದು ಎಫೆಸದವರಿಗೆ ಬರೆಯುವಾಗ ಆ ಪದಕ್ಕೇ ಇನ್ನೊಂದು ಪ್ರತ್ಯಯ ಸೇರಿಸಿ "ಎಲಾಖಿಸ್ತೊತೆರೊಸ್" ಅಂದ (3:8). ಅತಿ ಸಣ್ಣವರಿಗಿಂತಲೂ ಸಣ್ಣವನು! ವ್ಯಾಕರಣ ಮುರಿದು ಸಣ್ಣವನಾದ. ಸರ್ಕಾರದ ಲೆಕ್ಕದಲ್ಲಿ 1ರಿಂದ 2 ಹೆಕ್ಟೇರ್ ಇದ್ದವನು ಸಣ್ಣ ರೈತ, 1 ಹೆಕ್ಟೇರ್‌ಗಿಂತ ಕಡಿಮೆ ಇದ್ದವನು ಅತಿಸಣ್ಣ ರೈತ. ಪೌಲನು ಆ ಪಟ್ಟಿಯಲ್ಲೂ ಸಿಗೋದಿಲ್ಲ, ಅದಕ್ಕೂ ಕೆಳಗೆ.

ಆದ್ರೆ ಆ ವಾಕ್ಯ ಅಲ್ಲಿಗೆ ನಿಲ್ಲೋದಿಲ್ಲ. ಅಂಥ ನನಗೆ ಈ ಕೃಪೆ ದೊರಕಿತು, ಕ್ರಿಸ್ತನ ಅಳತೆಗೆ ಸಿಗದ ಐಶ್ವರ್ಯವನ್ನ ಸಾರುವ ಕೆಲಸ ದೊರಕಿತು ಅಂತ ಮುಂದುವರಿಯುತ್ತೆ. ತಾನು ಎಷ್ಟು ಸಣ್ಣವನು ಅಂತ ಹೇಳಿ ಮೂಲೆಯಲ್ಲಿ ಕೂರಲಿಲ್ಲ, ಎದ್ದು ಹೋದ.

6. ಈ ಪದ ಯಾರ ಬಾಯಲ್ಲಿದೆ?

ಹಾಗಾದ್ರೆ ಈ ಪದವನ್ನ ನಾವು ಹೇಗೆ ಬಳಸಬೇಕು? ಮೂರು ಮಾತು ಹೇಳಿ ಮುಗಿಸ್ತೀನಿ.

ಮೊದಲನೆಯದು: ಬೇರೆಯವರು ನಿನಗೆ "ಸಣ್ಣವನು" ಅಂದಾಗ. ಅದನ್ನ ನಿನ್ನ ಹೆಸರು ಅಂತ ಒಪ್ಪಿಕೊಳ್ಳಬೇಡ. ಬೆತ್ಲೆಹೇಮಿಗೂ ಯೆಹೂದದ ಊರುಗಳಲ್ಲಿ ಸಣ್ಣದು ಅನ್ನೋ ಮಾತಿತ್ತು. ಮೀಕನು ಅದನ್ನ ಮುಚ್ಚಿಡಲಿಲ್ಲ, ಅದನ್ನೇ ಹೇಳಿ, ನಿನ್ನಿಂದಲೇ ಆಳುವವನು ಬರುವನು ಅಂದನು (ಮೀಕ 5:2). ನಾಳೆ ಯಾರಾದ್ರೂ ಊರು ಕೇಳಿದ್ರೆ ಪೂರ್ತಿ ಹೆಸರು ಹೇಳು. "ಮುಕ್ಕುಂದ ರೀ, ಸಿಂಧನೂರು ತಾಲ್ಲೂಕು." ತಲೆ ಎತ್ತಿ ಹೇಳು.

ಎರಡನೆಯದು: ನೀನೇ ತಪ್ಪಿಸಿಕೊಳ್ಳಲಿಕ್ಕೆ "ನಾನು ಸಣ್ಣವನು" ಅಂದಾಗ. ಗಿದ್ಯೋನನು ಹಾಗೇ ಅಂದ (ನ್ಯಾಯಸ್ಥಾಪಕರು 6:15), ಯೆರೆಮೀಯನೂ ಅಂದ (ಯೆರೆಮೀಯ 1:6). ದೇವರು ಇಬ್ಬರಿಗೂ ನೀನು ದೊಡ್ಡವನು ಅಂತ ಸಮಾಧಾನ ಹೇಳಲಿಲ್ಲ. ನಾನು ನಿನ್ನ ಸಂಗಡ ಇದ್ದೇನೆ ಅಂದರು. ಸಣ್ಣವನು ಅನ್ನೋದು ನಿಜ ಇರಬಹುದು, ನೆಪ ಆಗಬಾರದು.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು: ನಿನ್ನ ಕಣ್ಣಿಗೆ ಯಾರು ಸಣ್ಣವರು? ನಮ್ಮ ಕಡೆ ಕಾಲುವೆಗೆ ನೀರು ಬಿಟ್ಟಾಗ ಮೇಲ್ಭಾಗದವರಿಗೆ ಚಿಂತೆ ಇಲ್ಲ. ಕಷ್ಟ ಕೊನೆ ಭಾಗದ ರೈತನದು. ಕಾಲುವೆ ತುಂಬಿ ಹರಿತೈತಿ ಅಂತ ಅಣೆಕಟ್ಟಿನ ಹತ್ತಿರ ನಿಂತು ಹೇಳೋದು ಸುಲಭ. ಕಾಲುವೆ ಸರಿ ಇದೆಯೋ ಇಲ್ಲವೋ ಗೊತ್ತಾಗೋದು ಕೊನೆಯ ಹೊಲದಲ್ಲಿ. ಮತ್ತಾಯ 25ರಲ್ಲಿ ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಅರಸನು ನೋಡೋದು ಅದೇ ಕೊನೆಯ ಹೊಲವನ್ನ. ಹಸಿದವನು, ಬಟ್ಟೆ ಇಲ್ಲದವನು, ಸೆರೆಯಲ್ಲಿರುವವನು, ಈ ಅತಿ ಸಣ್ಣವನಿಗೆ ಮಾಡಿದ್ದು ನನಗೇ ಮಾಡಿದ್ದು ಅಂತಾನೆ (25:40). ಅಲ್ಲಿಯ ಗ್ರೀಕ್ ಪದ ಪೌಲನು ತನಗೆ ಬಳಸಿಕೊಂಡ ಅದೇ "ಎಲಾಖಿಸ್ತೊಸ್".

ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಯಾವ ಊರಿನವರು ಅಂತ ಗೊತ್ತಾ? ನಿಮ್ಮ ಫ್ಲೋರ್ ಒರೆಸುವ ಅಕ್ಕನ ಹೆಸರು ಗೊತ್ತಾ? ಅವರಲ್ಲಿ ಎಷ್ಟೋ ಜನ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ದುಡಿಯೋಕೆ ಬಂದವರೇ. ನೀವು ತಡೆಹಿಡಿದ ಆ "ಬಂದೀನಿ" ಅವರ ಬಾಯಲ್ಲಿದೆ. ನಾವು ನಮ್ಮನ್ನ ಸಣ್ಣವರು ಅಂದ ಲೋಕದ ಮೇಲೆ ಕೋಪ ಮಾಡ್ಕೋತೀವಿ, ಅದೇ ತಕ್ಕಡಿಯಲ್ಲಿ ಅವರನ್ನ ತೂಗ್ತೀವಿ. ಇದು ಸೌಲನ ದಾರಿ. ಈ ವಾರ ಒಬ್ಬರ ಹೆಸರು ಕೇಳ್ರಿ. "ಏ" ಅನ್ನಬೇಡ್ರಿ, "ಅಣ್ಣಾ", "ಅಕ್ಕಾ" ಅನ್ರಿ, ಬಹುವಚನದಲ್ಲಿ ಮಾತಾಡಿಸ್ರಿ. ನಿಮ್ಮ ಊರಿನ ಮಾತಲ್ಲೇ ಮಾತಾಡಿಸ್ರಿ.

ದೇವರು ತಾನೇ ಸಣ್ಣವನಾಗಿ ಬಂದನು, ಪ್ರಿಯರೇ. ಸಣ್ಣ ಊರಲ್ಲಿ ಹುಟ್ಟಿ, ಗೋದಲಿಯಲ್ಲಿ ಮಲಗಿ, ಕೊನೆಗೆ ಗೋದಿಕಾಳಿನಂತೆ ಭೂಮಿಗೆ ಬಿದ್ದನು. ಆತನ ಮುಂದೆ ಸಣ್ಣವರಾಗಿ ನಿಂತವರು ಇನ್ಯಾರ ಮುಂದೆಯೂ ಕುಗ್ಗಬೇಕಾಗಿಲ್ಲ, ಇನ್ಯಾರನ್ನೂ ಕುಗ್ಗಿಸಬೇಕಾಗಿಯೂ ಇಲ್ಲ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಲೋಕವು ಸಣ್ಣವರು ಅಂತ ತಳ್ಳಿದ ನಮ್ಮ ಹಿರಿಯರನ್ನ ನೀವು ಹೆಸರು ಹಿಡಿದು ಕರೆದಿರಿ, ಅದಕ್ಕೆ ಸ್ತೋತ್ರ. ಅವಮಾನದಿಂದ ಕುಗ್ಗಿದ ಪ್ರತಿಯೊಬ್ಬ ತಮ್ಮನನ್ನೂ ತಂಗಿಯನ್ನೂ ಈಗ ಮುಟ್ಟಿರಿ. ನಮ್ಮ ಒಳಗಿನ ಸಣ್ಣತನವನ್ನ ತೆಗೆದುಹಾಕಿರಿ, ಎಣಿಸುವ ಕಣ್ಣನ್ನ ತೆಗೆದುಹಾಕಿರಿ. ನಿಮ್ಮ ಸಣ್ಣ ದನಿ ಕೇಳುವ ಕಿವಿ ಕೊಡಿರಿ. ಕೊನೆ ಭಾಗದಲ್ಲಿ ಕಾಯುತ್ತಿರುವವರ ಬಳಿಗೆ ನಮ್ಮನ್ನ ಕಳುಹಿಸಿರಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.